ಚಹಾದ ಮೊದಲು ಹೇಳುವ ಮಾತು

ಜನವರಿ ೧೪, ಮಂಗಳವಾರ. ಬೆಳಿಗ್ಗೆ ೧೦

ಇವತ್ತೂ ಅದೇ ಬಿಳಿ ಪರದೆ. ನಡುವೆ ಇಂಗ್ಲಿಷಿನ ಅದೇ ಒಂದು ಸಾಲು — ಡೇಟಾಬೇಸ್ ಸಂಪರ್ಕ ಸಿಗಲಿಲ್ಲ. ಒಂಬತ್ತನೆಯ ದಿನ.

ಏನು ಕಡಿಮೆ ಮಾಡಿದೆ? ವೆಬ್‌ಸೈಟ್ ಕಟ್ಟುವ ಸಾಫ್ಟ್‌ವೇರಿನ ಝಿಪ್ ಇಳಿಸಿಕೊಂಡೆ, ಬಿಚ್ಚಿದೆ. ಸಾವಿರಾರು ಫೈಲು. ಬಾಡಿಗೆ ಹಿಡಿದ ಸರ್ವರಿಗೆ ಏರಿಸಿದೆ. ನಡುವೆ ನೆಟ್ ಎರಡು ಸಲ ಹೋಯಿತು, ಮತ್ತೆ ಮೊದಲಿಂದ. ಡೇಟಾಬೇಸ್ ಮಾಡಿದೆ. ಅದಕ್ಕೊಬ್ಬ ಯೂಸರ್, ಅವನಿಗೊಂದು ಪಾಸ್‌ವರ್ಡ್. ಮೂರನ್ನೂ ಕಾನ್ಫಿಗ್ ಫೈಲಿನಲ್ಲಿ ಕೈಯಾರೆ ಬರೆದೆ. ವಿಡಿಯೊದಲ್ಲಿ ಕಲಿಸುವವನು ಹೇಳಿದ ಹಾಗೇ. ಅವನದು ತೆರೆಯುತ್ತದೆ, ನನ್ನದು ತೆರೆಯುವುದಿಲ್ಲ. ಅವನು ಏನೋ ಮುಚ್ಚಿಟ್ಟಿದ್ದಾನೆ.

ಇವರು — ನಲವತ್ತು ವರ್ಷ ಗೌಂಡಿ ಕೆಲಸ ಮಾಡಿ ಈಗ ಮೊಣಕಾಲು ಹಿಡಿದು ಕೂತಿರುವ ನಮ್ಮ ಯಜಮಾನರು — ಕಟ್ಟೆಯ ಮೇಲಿಂದಲೇ ಕೂಗಿದರು.

"ಏ ಬಾಯಿ, ಒಂಬತ್ತು ದಿನದಾಗ ನಾ ಒಂದು ಖೋಲಿ ಎಬ್ಬಿಸಿ ಪ್ಲಾಸ್ಟರ್ ಮಾಡ್ತಿದ್ದೆ."

"ಮಳಿ ಬಂದ್ರ ಸೋರ್ತಿತ್ತಲ್ಲ, ಅದೇ ಖೋಲಿ?"

ಮೊಣಕಾಲು ತಿಕ್ಕತೊಡಗಿದರು.

ಪುಸ್ತಕಕ್ಕೆ ಗೆದ್ದಲು ಹತ್ತದೇ ಇದ್ದಿದ್ದರೆ ಈ ಉಸಾಬರಿಗೆ ಬೀಳುತ್ತಿರಲಿಲ್ಲ. ಮೂವತ್ತೊಂದು ವರ್ಷದ ಪುಸ್ತಕ. ನಮ್ಮ ಸಮಾಜದಲ್ಲಿ ಮದುವೆಗೆ ಬಂದ ಹುಡುಗ ಹುಡುಗಿಯರ ಹೆಸರು, ಊರು, ಓದು, ಮನೆತನ. ಬಸವಕಲ್ಯಾಣ, ಹುಮನಾಬಾದ, ಚಿಟಗುಪ್ಪ, ಸುತ್ತಿನ ಎಲ್ಲ ಹಳ್ಳಿ. ನಮ್ಮ ಅತ್ತೆ ಸರುಬಾಯಿಗೆ ಓದು ಬರಹ ಇರಲಿಲ್ಲ. ನೂರಾರು ಸಂಬಂಧ ತಲೆಯಲ್ಲೇ ಇಟ್ಟುಕೊಂಡಿದ್ದಳು. ನಾನು ಸಾಕ್ಷರತಾ ಕ್ಲಾಸಿಗೆ ಹೋಗಿ ಅಕ್ಷರ ಕಲಿತ ಮೇಲೆ ಆಕೆ ಹೇಳಿದ್ದು, ನಾನು ಬರೆದಿದ್ದು.

ಕೊನೆಯ ಕಾಲಮ್ಮಿಗೆ ಆಕೆಯೇ ಹೆಸರು ಇಟ್ಟಳು: ಚಹಾದ ಮೊದಲು. ಕಾಯಿಲೆ, ಮುರಿದ ಸಂಬಂಧ, ಕುಡಿತ, ಪೊಲೀಸ್ ಕೇಸು — ಬೀಗರ ಮನೆಗೆ ಹೋಗಿ, ಎದುರು ಕೂತು, ಅವರು ಕೊಟ್ಟ ಚಹಾ ತುಟಿಗೆ ತಾಗಿಸುವ ಮೊದಲು ನಡುವೆ ನಿಂತವರು ಹೇಳಲೇಬೇಕಾದ ಮಾತು. ಚಹಾ ಕುಡಿದ ಮೇಲೆ ಹೇಳಿದರೆ ಅದು ಮೋಸ. ಕಾಗದದಲ್ಲಿ ಬರೆದು ಕಳಿಸಿದರೂ ಮೋಸವೇ. ಪುಸ್ತಕ ತೋರಿಸುವಾಗಲೂ ಒಂದೇ ಸಾಲು ತೋರಿಸುವುದು. ಉಳಿದ ಹಾಳೆಯ ಮೇಲೆ ಸೆರಗು.

ಸೈಟ್ ಆದರೆ ಬುದ್ಧ ವಿಹಾರದಲ್ಲಿ ಕೂತಾಗಲೂ ಫೋನಿನಲ್ಲೇ ಲಾಗಿನ್ ಆಗಿ ನೋಡಬಹುದು. ಎಷ್ಟು ಬೇಕೋ ಅಷ್ಟೇ ಹೇಳಬಹುದು. ಗೆದ್ದಲಿನ ಭಯ ಇಲ್ಲ.

ಆದರೆ ತೆರೆಯಬೇಕಲ್ಲ…


ಜನವರಿ ೧೬, ಗುರುವಾರ. ಮಧ್ಯಾಹ್ನ ೩

ಸೋತು ಅರ್ಷಿಯಾಳ ಆನ್‌ಲೈನ್ ಸೆಂಟರಿಗೆ ಹೋದೆ. ಬಸ್‌ಸ್ಟ್ಯಾಂಡ್ ಎದುರು, ಎರಡನೆಯ ಮಹಡಿ. ಗಂಡ ಸೌದಿಯಲ್ಲಿ. ಆರು ವರ್ಷದಿಂದ ಒಬ್ಬಳೇ ನಡೆಸುತ್ತಿದ್ದಾಳೆ. ಪೆನ್ಷನ್ ಫಾರ್ಮು, ಪಹಣಿ, ಪರೀಕ್ಷೆ ಅರ್ಜಿ. ನಾನು ಮೌಸ್ ಹಿಡಿಯಲು ಕಲಿತದ್ದೂ ಅವಳ ಹತ್ತಿರವೇ. ಹೋದ ಕೂಡಲೇ ಚಹಾ ತರಿಸಿದಳು. ಯಾವಾಗಲೂ ತರಿಸುತ್ತಾಳೆ.

"ಹನ್ನೊಂದು ದಿನಾ? ಖಾಲಾ, ನನ್ನ ಕಡೆ ಯಾಕ ಬರಲಿಲ್ರಿ?"

"ನಾನೇ ಕಲ್ತು ಮಾಡೋಣ ಅಂತ."

"ಕಲ್ತೀರೇನ್ ಮತ್ತ?"

"ಬೈಯೋದು ಕಲ್ತೇನಿ."

ನನ್ನ ಫೈಲು ನೋಡಿದಳು. ಪಾಸ್‌ವರ್ಡಿನ ಕೊನೆಗೆ ಒಂದು ಖಾಲಿ ಜಾಗ ಬಿದ್ದಿತ್ತಂತೆ. ಕಣ್ಣಿಗೆ ಕಾಣದ್ದು. ಅದಕ್ಕೆ ಹನ್ನೊಂದು ದಿನ! ಅವಳು ಅದನ್ನು ತಿದ್ದಲೂ ಇಲ್ಲ. ಎಲ್ಲ ಅಳಿಸಿ ಹಾಕಿ, ಸರ್ವರಿನ ಕಂಟ್ರೋಲ್ ಪ್ಯಾನೆಲ್ ತೆರೆದು ಕೆಳಗೆ ಹೋದಳು. ಸಾಲಾಗಿ ಚಿಕ್ಕ ಚಿಕ್ಕ ಚಿತ್ರ. ಆಟೊ ಇನ್‌ಸ್ಟಾಲರ್ ಅಂತೆ. ಒಂದೇ ಫಾರ್ಮು: ಸೈಟಿನ ಹೆಸರು, ಅಡ್ಮಿನ್ ಹೆಸರು, ಪಾಸ್‌ವರ್ಡ್, ಮೇಲ್. ಬಟನ್ ಒತ್ತಿದಳು. ನೀಲಿ ಗೆರೆ ಓಡಿತು. ಗೋಡೆ ಗಡಿಯಾರ ನೋಡುತ್ತಿದ್ದೆ. ನಲವತ್ತು ಸೆಕೆಂಡ್.

"ಖತಂ. ನಿಮ್ಮ ಸೈಟ್ ರೆಡಿ ಅದ."

ಖುಷಿ ಆಗಬೇಕಿತ್ತು. ಆಗಲಿಲ್ಲ. ಹನ್ನೊಂದು ದಿನ ನಾನು ಮಾಡಿದ ಒಂದೊಂದು ಕೆಲಸವೂ ನನಗೆ ಗೊತ್ತು. ಆ ನಲವತ್ತು ಸೆಕೆಂಡಿನಲ್ಲಿ ಏನಾಯಿತು, ಗೊತ್ತಿಲ್ಲ.

"ಏನೇನು ಮಾಡ್ತು ಅರ್ಷಿಯಾ ಅದು?"

"ನೀವು ಮಾಡಿದ್ದೇ ಎಲ್ಲಾ. ಫೈಲ್ ಹಾಕ್ತು. ಡೇಟಾಬೇಸ್ ಕಟ್ತು, ಅದರ ಪಾಸ್‌ವರ್ಡ್ ತಾನೇ ಹುಟ್ಟಿಸಿ ಫೈಲಿನಾಗ ಬರೀತು."

"ಅಂದ್ರ ಬಟನ್‌ಗ ಪಾಸ್‌ವರ್ಡ್ ಗೊತ್ತದ. ನನಗ ಗೊತ್ತಿಲ್ಲ."

ಅವಳು ನಕ್ಕಳು. "ಖಾಲಾ, ನಿಮಗ ಗ್ಯಾಸ್ ಸಿಲಿಂಡರ್ ಮ್ಯಾಲೂ ಡೌಟ್."

ಅಷ್ಟರಲ್ಲಿ ಅವಳಿಗೆ ಫೋನ್. ಮನ್ನಾಏಖೇಳ್ಳಿಯಿಂದ ನಾದಿನಿ. ಹತ್ತು ನಿಮಿಷ ಮಾತು.

ಅಡ್ಮಿನ್ ಪಾಸ್‌ವರ್ಡ್ ಟೈಪ್ ಮಾಡಿದ್ದು ಅರ್ಷಿಯಾ. ಬರೆದಿಟ್ಟಿರಲಿ.


ಜನವರಿ ೧೭, ಶುಕ್ರವಾರ. ಸಂಜೆ ೫

ಮನೆಯಲ್ಲಿ ಮೊದಲ ಸಲ ಲಾಗಿನ್ ಆದೆ. ನಾನು ಒಂದಕ್ಷರ ಬರೆಯುವ ಮೊದಲೇ ಒಳಗೆ ಏನೋ ಬರೆದಿದೆ! ಒಂದು ಪುಟ, ಒಂದು ಪೋಸ್ಟು, ಪೋಸ್ಟಿನ ಕೆಳಗೆ ಒಂದು ಕಾಮೆಂಟು. ಯಾರೋ ಗುರುತಿಲ್ಲದವನು ನಮಸ್ಕಾರ ಹೇಳಿ ಹೋಗಿದ್ದಾನೆ. ಅರ್ಷಿಯಾಳಿಗೆ ಫೋನ್ ಮಾಡಿದೆ.

"ಸ್ಯಾಂಪಲ್ ರೀ ಅದು! ಇನ್‌ಸ್ಟಾಲ್ ಮಾಡಿದ್ರ ಎಲ್ಲರಿಗೂ ಬರ್ತದ. ಮೂರೂ ಡಿಲೀಟ್ ಮಾಡಿ ಒಗೀರಿ."

"ಕಾಮೆಂಟ್ ಬರದವ ಯಾರು?"

"ಯಾರೂ ಇಲ್ಲ ಖಾಲಾ, ಅಲ್ಲಾಹನ ಆಣಿ."

ಇವರಿಗೆ ಹೇಳಿದೆ. ಇವರು ಗಂಭೀರವಾಗಿ ತಲೆ ಅಲ್ಲಾಡಿಸಿ, "ಹೊಸ ಮನಿ ಅಂತ ಕೊಟ್ರು, ಒಳಗ ಮಂದಿ ಕುಂತಾರ," ಅಂದರು. ತಮಾಷೆಗೆ ಅಂದದ್ದೇ. ನನಗೆ ತಮಾಷೆ ಅನಿಸಲಿಲ್ಲ.

ಕಾಮೆಂಟು ಅಳಿಸಿದೆ. ಪುಟ ಅಳಿಸಿದೆ. ಪೋಸ್ಟು ಅಳಿಸಲಿಲ್ಲ. ಅದಕ್ಕೆ ಒಂದನೆಯ ನಂಬರ್ ಇದೆ. ಪುಸ್ತಕದ ಮೊದಲ ಹಾಳೆ ಹರಿಯಬಾರದು, ಇದು ಅತ್ತೆಯ ಕಟ್ಟಪ್ಪಣೆ. ಆ ಹಾಳೆಯಲ್ಲಿ ನಮ್ಮ ಮನೆಯ ಹುಡುಗಿಯ ಹೆಸರೇ ಬರಬೇಕು. "ಮೊದಲು ನಿಮ್ಮಾಕಿನ್ನ ಬರಿ. ಕೈ ನಡುಗಬೇಕು. ನಡುಗಿದ್ರ ಮುಂದಿನವರದು ಹುಷಾರಿಂದ ಬರೀತಿ" — ಹೀಗೆ ಹೇಳುತ್ತಿದ್ದಳು. ಹಳೆಯ ಪುಸ್ತಕದಲ್ಲಿ ಮೊದಲ ಹೆಸರು ನನ್ನ ನಾದಿನಿಯದು.

ಇದರಲ್ಲಿ ಸರಿತಾಳದು ಬರೆದೆ. ಸ್ಯಾಂಪಲ್ ಅಕ್ಷರ ಅಳಿಸಿ ಅದೇ ಜಾಗದಲ್ಲಿ. ನನ್ನ ತಮ್ಮ ಸಂಘರತ್ನನ ಮಗಳು. ಕೊಡಂಬಲದವಳಾದರೂ ರಜೆ ಬಂದರೆ ನಮ್ಮ ಮನೆಯಲ್ಲೇ ಬೆಳೆದದ್ದು, ಅತ್ತೆಯ ಸೆರಗು ಹಿಡಿದುಕೊಂಡು. ಈಗ ಹುಮನಾಬಾದಿನಲ್ಲಿ ಅತಿಥಿ ಶಿಕ್ಷಕಿ. ಇಪ್ಪತ್ತಾರು. ಬಿ.ಎಸ್ಸಿ., ಬಿ.ಎಡ್. ಮನ್ನಾಏಖೇಳ್ಳಿಯ ಶೈಲೇಶನ ಮನೆಯವರು ಡಿಸೆಂಬರಿನಲ್ಲಿ ನೋಡಿ ಒಪ್ಪಿದ್ದಾರೆ. ಕೊನೆಯ ಕಾಲಮ್ಮನ್ನೂ ತುಂಬಿದೆ. ಮನೆಯವಳೆಂದು ಖಾಲಿ ಬಿಟ್ಟರೆ ಬೇರೆಯವರದನ್ನು ಬರೆಯುವ ಹಕ್ಕು ನನಗೆಲ್ಲಿ?

ಚಹಾದ ಮೊದಲು: ಚಿಕ್ಕಂದಿನಲ್ಲಿ ಫಿಟ್ಸ್. ಹನ್ನೆರಡನೆಯ ವರ್ಷದಿಂದ ಬಂದಿಲ್ಲ. ಮಾತ್ರೆ ನಿಂತು ಹತ್ತು ವರ್ಷ.

ಕೈ ನಡುಗಿತು. ಅತ್ತೆ ಹೇಳಿದ ಹಾಗೇ.

ಮೊದಲ ಪೋಸ್ಟಿಗೆ ಪಬ್ಲಿಶ್ ಎಂಬ ಬಟನ್ನೇ ಇಲ್ಲ, ಅಪ್‌ಡೇಟ್ ಅಂತಿದೆ. ಒತ್ತಿದೆ. ಎರಡನೆಯ ಹೆಸರಿನಿಂದ ಅರ್ಷಿಯಾ ಕಲಿಸಿದ ಕ್ರಮ — ಮೊದಲು ಪ್ರೈವೇಟ್ ಆರಿಸುವುದು, ಆಮೇಲೆ ಪಬ್ಲಿಶ್. ಹಾಗೆ ಮಾಡಿದರೆ ಲಾಗಿನ್ ಆದವರಿಗೆ ಮಾತ್ರ ಕಾಣುತ್ತದೆ. ಹನ್ನೆರಡು ಹೆಸರು ಆಯಿತು. ಪಟ್ಟಿಯಲ್ಲಿ ಎಲ್ಲರ ಮುಂದೆ ಪ್ರೈವೇಟ್ ಎಂದು ಬಂದಿದೆ, ಸರಿತಾಳ ಮುಂದೆ ಇಲ್ಲ. ಬಟನ್ನಿನ ಜೊತೆಗೇ ಬಂದ ಪೋಸ್ಟು, ಅದಕ್ಕೇ ಇರಬೇಕು.


ಜನವರಿ ೧೯, ಭಾನುವಾರ. ಸಂಜೆ

ಮನ್ನಾಏಖೇಳ್ಳಿಗೆ ಹೋಗಿ ಬಂದೆವು, ನಾನು ಮತ್ತು ಸಂಘರತ್ನ. ಹುಡುಗನ ಮನೆ ನೋಡುವ ಶಾಸ್ತ್ರ. ಹೈವೇ ಬದಿಗೇ ಮನೆ, ಮುಂದೆ ಶೈಲೇಶನ ಪೈಪು-ಮೋಟರ್ ಅಂಗಡಿ. ಹುಡುಗ ಮೆತ್ತಗೆ ಮಾತಾಡುತ್ತಾನೆ. ತಾಯಿ ಇಲ್ಲ, ಮನೆಯ ಯಜಮಾನಿಕೆ ಅಕ್ಕ ವಿಶಾಖಾಳದು.

ಇವತ್ತೇ ಹೇಳಿಬಿಡಬೇಕೆಂದು ಹೋಗಿದ್ದೆ. ಆದರೆ ಮನೆ ತುಂಬ ಜನ. ಅಣ್ಣತಮ್ಮಂದಿರು, ನೆರೆಯವರು, ಹದಿನಾಲ್ಕು ಜನ ಎಣಿಸಿದೆ. ಇಂಥ ಮಾತು ಅಷ್ಟು ಕಿವಿಗೆ ಹಾಕುವುದಲ್ಲ. ವಿಶಾಖಾ ಚಹಾ ತಂದಿಟ್ಟಳು.

"ಹೊಟ್ಟಿ ಸರಿ ಇಲ್ಲವ್ವ," ಅಂದೆ.

"ನಿಂಬು ಶರಬತ್ ಮಾಡ್ಲೇನ್ರಿ?"

"ಏನೂ ಬ್ಯಾಡ. ಬರೋ ಭಾನುವಾರ ಒಬ್ಬಾಕಿನೇ ಬರ್ತೀನಿ. ಆವಾಗ ಕುಡೀತೀನಿ."

ಸಂಘರತ್ನ ಎರಡು ಕಪ್ಪು ಕುಡಿದ. ಅವನು ಕುಡಿಯಬಹುದು, ನಿಯಮ ನಡುವೆ ನಿಂತವಳಿಗೆ. ವಿಶಾಖಾ ನನ್ನ ಕಪ್ಪನ್ನೇ ನೋಡುತ್ತಿದ್ದಳು. ಕೆನೆ ಕಟ್ಟುವವರೆಗೂ ನೋಡಿದಳು.


ಜನವರಿ ೨೬, ಭಾನುವಾರ

ಬೆಳಿಗ್ಗೆ ಧ್ವಜ. ಬಂದು ಕಂಪ್ಯೂಟರಿನ ಮುಂದೆ ಕೂತವಳು ಏಳಲಿಲ್ಲ. ಗೆದ್ದಲು ತಿನ್ನುವ ಮೊದಲು ಮದುವೆ ಬಾಕಿ ಇರುವವರ ಹೆಸರು ಏರಿಸಬೇಕು. ತೊಂಬತ್ತು ಆಯಿತು. ಮನ್ನಾಏಖೇಳ್ಳಿಗೆ ಹೋಗಲಿಲ್ಲ.

ಒಂದು ಮೇಲ್ ಬಂದಿದೆ — ನಿಮ್ಮ ಸೈಟ್ ತಾನಾಗಿ ಅಪ್‌ಡೇಟ್ ಆಗಿದೆ. ತಾನಾಗಿ ಅಂದರೆ? ನಾನು ಧ್ವಜದ ಹತ್ತಿರ ನಿಂತಾಗ ಒಳಗೆ ಯಾರು ಬಂದಿದ್ದರು? ಅರ್ಷಿಯಾಳನ್ನು ಕೇಳಿದರೆ, "ಛಲೋನೇ ಆಯ್ತಲ್ರಿ, ನಿಮಗ ತ್ರಾಸ ಇಲ್ಲ." ನನಗೆ ತ್ರಾಸ ಇಲ್ಲದೆ ಆಗುವ ಕೆಲಸವೇ ನನಗೆ ತ್ರಾಸ.


ಫೆಬ್ರುವರಿ ೨, ಭಾನುವಾರ. ಮಧ್ಯಾಹ್ನ

ಮತ್ತೊಂದು ಮೇಲ್. ಯಾರೋ ಹದಿನೇಳು ಸಲ ತಪ್ಪು ಪಾಸ್‌ವರ್ಡ್ ಹಾಕಿ ಬಾಗಿಲು ತಟ್ಟಿದ್ದಾರೆ. ಊರು ಗೊತ್ತಿಲ್ಲ, ದೇಶವೇ ಗೊತ್ತಿಲ್ಲ. ಯಂತ್ರಗಳು ಹಾಗೆ ಎಲ್ಲರ ಬಾಗಿಲೂ ತಟ್ಟುತ್ತವಂತೆ. ಅರ್ಷಿಯಾ ಹೇಳಿದ್ದು. ಪ್ರತಿಯೊಂದಕ್ಕೂ ಅವಳ ಹತ್ತಿರ ಉತ್ತರ ಇರುತ್ತದೆ.

ಸಂಘರತ್ನನ ಕಾಗದ ಬಂತು, ಚಿಟಗುಪ್ಪ ಬಸ್ಸಿನ ಕಂಡಕ್ಟರ್ ಕೈಯಲ್ಲಿ. ಕಾಳು ಒಕ್ಕುವ ರಾಶಿ ಮಷೀನಿನ ಸದ್ದಿಗೆ ಕಿವಿ ಹೋದ ಮೇಲೆ ಅವನಿಗೆ ಫೋನ್ ಉಪಯೋಗವಿಲ್ಲ. ನಮ್ಮಿಬ್ಬರದು ಈಗಲೂ ಕಾಗದವೇ. "ಅಕ್ಕಾ, ಹೋಗಿ ಹೇಳಿ ಬಂದೆಯಾ? ಹುಡುಗಿ ಸೀರೆ ಬಣ್ಣದ ಮಾತಾಡುತ್ತಿದ್ದಾಳೆ."

ಮುಂದಿನ ಭಾನುವಾರ ಖಂಡಿತ ಎಂದು ಬರೆದೆ. ಇನ್ನು ನಲವತ್ತು ಹೆಸರು ಉಳಿದಿವೆ.


ಫೆಬ್ರುವರಿ ೬, ಗುರುವಾರ. ಬೆಳಿಗ್ಗೆ ೧೧

ಮುಗಿಯಿತು.

ವಿಶಾಖಾ ಫೋನ್ ಮಾಡಿದ್ದಳು. ಆರೋಗ್ಯ ಕೇಳಲಿಲ್ಲ.

"ನಿಮ್ಮ ಹುಡುಗಿಗಿ ಫಿಟ್ಸ್ ಬರ್ತಾವಂತ?"

"ಬರ್ತಿದ್ವು. ಈಗ ಇಲ್ಲವ್ವ. ಹೇಳಾಕಂತನೇ ಬರವಳಿದ್ದೆ, ಈ ಭಾನುವಾರ…"

"ಎರಡು ಭಾನುವಾರ ದಾರಿ ನೋಡೀವ್ರಿ. ಇನ್ನ ಬರೋದು ಬ್ಯಾಡ."

"ನಿಮಗ ಯಾರು ಹೇಳಿದ್ರು? ಅಷ್ಟು ಹೇಳು."

"ತಿಳೀಬೇಕಾದ್ದು ತಿಳೀತದ." ಇಟ್ಟುಬಿಟ್ಟಳು.

ಯಾರು? ಆ ಮಾತು ಗೊತ್ತಿದ್ದವರು: ಸಂಘರತ್ನ, ಅವನ ಹೆಂಡತಿ. ನಾನು, ಇವರು. ಸರಿತಾ. ಅತ್ತೆ ಸತ್ತು ಒಂಬತ್ತು ವರ್ಷ. ಹಳೆಯ ಪುಸ್ತಕ ಟ್ರಂಕಿನಲ್ಲಿ, ಕೀಲಿ ನನ್ನ ಕೊರಳಲ್ಲಿ. ಇಪ್ಪತ್ತು ವರ್ಷ ಹೊರಗೆ ಹೋಗದ ಮಾತು ಬಟನ್ ಒತ್ತಿದ ಇಪ್ಪತ್ತೊಂದನೆಯ ದಿನಕ್ಕೆ ಹೋಗಿದೆ.

ಪಾಸ್‌ವರ್ಡ್ ಟೈಪ್ ಮಾಡಿದವಳು ಅರ್ಷಿಯಾ. ಅರ್ಷಿಯಾಳ ನಾದಿನಿ ಮನ್ನಾಏಖೇಳ್ಳಿಯವಳು.


ಫೆಬ್ರುವರಿ ೭, ಶುಕ್ರವಾರ. ಮಧ್ಯಾಹ್ನ ೧

ಹೋದೆ. ಸೆಂಟರಿನಲ್ಲಿ ಐದಾರು ಜನ ಸಾಲು ನಿಂತಿದ್ದರು. ಅವರೆಲ್ಲ ಹೋಗುವವರೆಗೆ ತಡೆಯಬೇಕಿತ್ತು. ತಡೆಯಲಿಲ್ಲ.

"ನಿನ್ನ ನಾದಿನಿಗೆ ಏನು ಹೇಳಿದಿ?"

"ಯಾವುದು ಖಾಲಾ?"

"ಸರಿತಾನ ಮಾತು. ಪಾಸ್‌ವರ್ಡ್ ನಿನಗ ಬಿಟ್ರ ಯಾರಿಗದ?"

ಮೊದಲು ನಕ್ಕಳು, ತಮಾಷೆ ಅಂದುಕೊಂಡು. ಆಮೇಲೆ ಮುಖ ಬಿಳಿಚಿತು. ಸಾಲಿನಲ್ಲಿದ್ದ ಮುದುಕನೊಬ್ಬ ಬಾಯಿ ಹಾಕಿದ, "ಏನವ್ವ, ಫಾರಂ ತಪ್ಪಿತೇನು?"

"ಈ ಊರಿನ ಅರ್ಧ ಮಂದಿ ಆಧಾರ್, ಬ್ಯಾಂಕ್, ಎಲ್ಲಾ ನನ್ನ ಕಣ್ಣ ಮುಂದ ಹೋಗ್ತದ ಖಾಲಾ. ಒಂದು ದಿನ, ಒಂದು ಮಾತು ಹೊರಗ ಹೋಗ್ಯಾದಂತ ಯಾರಾದ್ರೂ ಅಂದಾರೇನು? ನೀವು ಅನ್ನಾಕತ್ತೀರಿ. ಅದೂ ಮಂದಿ ಮುಂದ."

ಎದ್ದು ಬಂದು ಒಂದು ಚೀಟಿಯಲ್ಲಿ ಪಾಸ್‌ವರ್ಡ್ ಬದಲಿಸುವ ಕ್ರಮ ಬರೆದುಕೊಟ್ಟಳು. ಒಂದು, ಎರಡು, ಮೂರು ಎಂದು ನಂಬರ್ ಹಾಕಿ.

"ನೀವೇ ಬದಲಿ ಮಾಡ್ರಿ. ನಾ ಇನ್ನ ಮುಟ್ಟಲ್ಲ."

ಇವತ್ತು ಚಹಾ ತರಿಸಲಿಲ್ಲ.


ಫೆಬ್ರುವರಿ ೮

ಪಾಸ್‌ವರ್ಡ್ ಬದಲಿಸಿದೆ. ಅವಳ ಚೀಟಿ ನೋಡಿಕೊಂಡೇ. ಒಂದೂ ತಪ್ಪಿರಲಿಲ್ಲ.


ಫೆಬ್ರುವರಿ ೯, ಭಾನುವಾರ. ಮಧ್ಯಾಹ್ನ

ಸರಿತಾಳ ಫೋನ್. ಅಳು ಮುಗಿದ ಮೇಲಿನ ಗಂಟಲು.

"ಅತ್ತೀ, ಯಾರು ಹೇಳ್ಯಾರಂತ ನನಗ ಗೊತ್ತಾಯ್ತು."

ಯಾರು ಅಂತ ಕೇಳಿದೆ.

"ಜಗದೇವಿ. ರೂಮಿನಾಕಿ. ನಾ ಆಕಿಗೆ ಒಬ್ಬಾಕಿಗೇ ಹೇಳಿದ್ದೆ, ಹ್ವಾದ ದೀಪಾವಳಿಗಿ. ನಾಲ್ಕು ವರ್ಷ ಒಂದೇ ತಾಟಿನಾಗ ಉಂಡೀವಿ ಅತ್ತೀ. ನಿನ್ನಿ ಎದುರಿಗೇ ಕೇಳ್ದೆ. ಆಣಿ ಮಾಡ್ತಾಳ, ಅಳ್ತಾಳ. ಸುಳ್ಳು. ರೂಂ ಖಾಲಿ ಮಾಡು ಅಂದೀನಿ."

"ಅರ್ಷಿಯಾ ಇರಬೇಕಂತ ನಾ…"

"ಅರ್ಷಿಯಾಗ ನನ್ನ ಮಾರಿ ಸುದ್ದಾ ಗೊತ್ತಿಲ್ಲ ಅತ್ತೀ. ಜಗದೇವಿನೇ."

ಅವಳಿಗೆ ಅವಳ ಗೆಳತಿ, ನನಗೆ ನನ್ನ ಗೆಳತಿ. ಇಬ್ಬರಲ್ಲಿ ಒಬ್ಬರಿಗಾದರೂ ಅನ್ಯಾಯ ಆಗಿದೆ. ಇವರನ್ನು ಕೇಳಿದರೆ, "ಗ್ವಾಡಿ ಬಿರುಕು ಬಿಟ್ರ ನಾ ಮೊದಲ ಮಂದೀನ್ನ ಬೈತಿದ್ದಿಲ್ಲ. ಅಡಿಪಾಯ ಅಗದು ನೋಡ್ತಿದ್ದೆ," ಅಂದರು. ಎದ್ದು ಒಳಗೆ ಹೋದೆ.


ಫೆಬ್ರುವರಿ ೧೨, ಬುಧವಾರ. ಬೆಳಿಗ್ಗೆ

ಎರಡು ದಿನ ಏನೂ ಬರೆದಿಲ್ಲ. ಇವತ್ತು ಬರೆಯಲೇಬೇಕು.

ಒಂಬತ್ತು ಗಂಟೆಗೆ ವಿಶಾಖಾಳಿಗೆ ಫೋನ್ ಮಾಡಿದೆ. ಸಂಬಂಧ ಬೇಡ, ಹೆಸರು ಬೇಕು ಅಂದೆ. ಅರ್ಷಿಯಾಳೋ, ಜಗದೇವಿಯೋ.

"ನನಗ ಇಬ್ರೂ ಗೊತ್ತಿಲ್ರಿ. ನೀವೇ ಬರದೀರಿ."

"ನಾ?"

"ಅವತ್ತು ನೀವು ಚಹಾ ಮುಟ್ಟಲಿಲ್ಲ. ನಮ್ಮವ್ವನೂ ಸಂಬಂಧ ಮಾಡಸಾಕಿನೇ ಇದ್ಳು, ಚಹಾ ಮುಟ್ಟಲಿಲ್ಲಂದ್ರ ಹೊಟ್ಯಾಗ ಮಾತದ ಅಂತ ನನಗ ತಿಳೀತದ. ದಾರಿ ನೋಡಿದೆ. ನೀವು ಬರಲಿಲ್ಲ. ಹುಡುಗಿ ಹೆಸರು, ಊರ ಹೆಸರು ಫೋನಿನಾಗ ಹೊಡದು ಹುಡುಕಿದೆ. ಮೊದಲ ಸಾಲಿನಾಗೇ ಬಂತು."

ಫೋನಿಗೆ ಒಂದು ಲಿಂಕ್ ಕಳಿಸಿದಳು. ಮುಟ್ಟಿದರೆ ನನ್ನ ಸೈಟ್. ಇವರ ಫೋನ್ ತಗೊಂಡೆ. ಅದರಲ್ಲಿ ನಾನು ಎಂದೂ ಲಾಗಿನ್ ಆದವಳಲ್ಲ. ಅದರಲ್ಲೂ ತೆರೆಯಿತು. ನೂರಾ ನಲವತ್ತಾರು ಹೆಸರಿನಲ್ಲಿ ಒಂದೂ ಕಾಣಲಿಲ್ಲ. ಒಂದೇ ಒಂದು ಬಿಟ್ಟು. ಸರಿತಾ, ಕೊಡಂಬಲ. ಕೆಳಗೆ — ಚಹಾದ ಮೊದಲು.

ಈ ದಿನಚರಿಯಲ್ಲೇ ಹಿಂದೆ ತಿರುವಿದೆ. ಜನವರಿ ೧೭. ನನ್ನದೇ ಅಕ್ಷರ. ಪಬ್ಲಿಶ್ ಎಂಬ ಬಟನ್ನೇ ಇಲ್ಲ, ಅಪ್‌ಡೇಟ್ ಅಂತಿದೆ. ಒತ್ತಿದೆ. ಪಟ್ಟಿಯಲ್ಲಿ ಪ್ರೈವೇಟ್ ಎಂದು ಬಂದಿಲ್ಲ ಅಂತಲೂ ಬರೆದಿದ್ದೇನೆ! ಗುರುತಿಲ್ಲದವನ ಕಾಮೆಂಟಿಗೆ ಹೆದರಿದೆ, ಯಂತ್ರದ ಮೇಲ್‌ಗೆ ಹೆದರಿದೆ. ಕಣ್ಣ ಮುಂದಿನ ಸಾಲು ನೋಡಲಿಲ್ಲ. ಸ್ಯಾಂಪಲ್ ಪೋಸ್ಟು ಹುಟ್ಟುವಾಗಲೇ ಎಲ್ಲರಿಗೂ ಕಾಣುವ ಹಾಗೆ ಹುಟ್ಟಿತ್ತು. ಪಬ್ಲಿಶ್ ಆಗಿಯೇ ಇದ್ದದ್ದಕ್ಕೆ ಪಬ್ಲಿಶ್ ಬಟನ್ ಯಾಕೆ ಇರುತ್ತದೆ?

ಡಿಲೀಟ್ ಮಾಡಿ ಒಗೀರಿ ಅಂದಿದ್ದಳು ಅರ್ಷಿಯಾ. ಮೊದಲ ಹಾಳೆ ಹರಿಯಬಾರದು ಅಂದೆ ನಾನು.

ನೂರಾ ನಲವತ್ತೈದು ಮನೆಯ ಮೇಲೆ ಸೆರಗು ಹಾಕಿದೆ. ನನ್ನ ಮನೆಯ ಮೇಲೆ ಹಾಕಲಿಲ್ಲ.

ವಿಶಾಖಾ ಫೋನ್ ಇಡುವ ಮೊದಲು ಹೇಳಿದ್ದನ್ನೂ ಬರೆದುಬಿಡುತ್ತೇನೆ. "ಫಿಟ್ಸಿಗೆ ಸಿಟ್ಟು ಬಂದಿಲ್ರಿ. ಊರ ಮುಂದ ಬರದೀರಿ, ನಮ್ಮ ಮುಂದ ಹೇಳಲಿಲ್ಲ." ನಾನು ತಪ್ಪಾಯಿತು ಅಂದೆ. "ನನಗ ಆಮ್ಯಾಲ ಹೇಳ್ರಿ. ಮೊದಲ ಆ ಹುಡುಗಿಗಿ ಹೇಳ್ರಿ, ಬರದವರು ಯಾರಂತ. ಶೈಲೇಶ ದಿನಾ ಕೇಳಾಕತ್ಯಾನ."

ಏನು ಕೇಳುತ್ತ ಇದ್ದಾನೆ, ಹೇಳಲಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ.


ಫೆಬ್ರುವರಿ ೧೩, ಗುರುವಾರ

ಸೆಂಟರ್. ಇವತ್ತೂ ಸಾಲಿತ್ತು. ಮಂದಿ ಮುಂದೆ ಅಂದದ್ದನ್ನು ಮಂದಿ ಮುಂದೆಯೇ ತೆಗೆಯಬೇಕು. ನಿಂತು ಹೇಳಿದೆ, "ಅರ್ಷಿಯಾ, ತಪ್ಪು ನಂದು. ನಿಂದು ಒಂದಿಷ್ಟೂ ಇಲ್ಲ." ಫಾರ್ಮಿನಿಂದ ತಲೆ ಎತ್ತಲಿಲ್ಲ. ಆಧಾರ್ ನಂಬರ್ ಟೈಪ್ ಮಾಡುತ್ತಲೇ ಇದ್ದಳು. ಬೆಂಚಿನ ಮೇಲೆ ಕೂತೆ. ಅರ್ಧ ಗಂಟೆ.

ಸಾಲು ಕರಗಿದ ಮೇಲೆ ಕೈ ಚಾಚಿದಳು. ನನ್ನ ಫೋನಿಗೆ. ಆ ಪೋಸ್ಟನ್ನು ನಿನ್ನೆಯೇ ಅಳಿಸಿದ್ದೆ. ಹುಡುಕಿದರೆ ಹಳೆಯ ನೆರಳು ಇನ್ನೂ ಬರುತ್ತದೆಯಂತೆ. ಅದನ್ನು ತೆಗೆಸಲು ಎಲ್ಲಿಗೋ ಅರ್ಜಿ ಹಾಕಿದಳು.

"ನಾಲ್ಕೈದು ದಿನ ಹಿಡೀಬಹುದು."

"ಆಟೊ ಇನ್‌ಸ್ಟಾಲರ್‌ದು ತಪ್ಪಿಲ್ಲ, ಅಲ್ಲೇನು?"

"ಅದು ಹೇಳಿದಷ್ಟು ಮಾಡ್ತದ ಖಾಲಾ. ನೀವು ಯಾರ ಮಾತೂ ಕೇಳಂಗಿಲ್ಲ."

ಮಚ್ಚೇಂದ್ರ ಮಾಮುವಿನ — ನಮ್ಮ ಯಜಮಾನರ — ಮೊಣಕಾಲು ಹೇಗಿದೆ ಎಂದು ಕೇಳಿದಳು. ಪರವಾಗಿಲ್ಲ ಅಂದೆ. ಚಹಾ ತರಿಸಲಿಲ್ಲ. ನಾನೂ ನಿರೀಕ್ಷಿಸಲಿಲ್ಲ.


ಫೆಬ್ರುವರಿ ೧೫, ಶನಿವಾರ. ಮಧ್ಯಾಹ್ನ ೨

ಪ್ರೀತಿಯ ತಮ್ಮ ಸಂಘರತ್ನನಿಗೆ ಅಕ್ಕ ಕಾಂತಾಬಾಯಿಯ ಜೈ ಭೀಮ. ಒಂದು ತಪ್ಪು ನಡೆದಿದೆ

ಹೊಡೆದು ಹಾಕಿದೆ. ನಡೆದಿಲ್ಲ, ಮಾಡಿದ್ದೇನೆ.

ಪ್ರೀತಿಯ ತಮ್ಮನಿಗೆ. ಸರಿತಾಳ ಸಂಬಂಧ ಮುರಿದದ್ದು ನನ್ನ ಕೈಯಿಂದ. ಕಂಪ್ಯೂಟರಿನಲ್ಲಿ ಒಂದು ಬಟನ್

ಇದನ್ನೂ ಹೊಡೆದೆ. ಮತ್ತೆ ಬಟನ್ನಿನ ಮೇಲೆ ಹಾಕುತ್ತಿದ್ದೇನೆ.

ಸರಿತಾಳಿಗೆ ಬರೆಯೋಣವೆಂದು ಕೂತೆ. ಚಿರಂಜೀವಿ ಸರಿತಾಳಿಗೆ… ಅಷ್ಟೇ. ಮೂವತ್ತೊಂದು ವರ್ಷದಲ್ಲಿ ಎಷ್ಟು ಮಂದಿಯ ಪರವಾಗಿ ಎಷ್ಟು ಕಾಗದ ಬರೆದಿದ್ದೇನೆ! ಇವತ್ತು ಬರೆಯಲು ಬರುವುದಿಲ್ಲ. ಇಂಥದ್ದನ್ನು ಕಾಗದದಲ್ಲಿ ಬರೆದರೆ ಮೋಸ. ಕಂಪ್ಯೂಟರಿನಲ್ಲಿ ಬರೆದದ್ದರ ಫಲವಂತೂ ಕಣ್ಣ ಮುಂದಿದೆ.

ಇವರು ಬಂದು ಪಕ್ಕದಲ್ಲಿ ಕೂತರು. ಹೊಡೆದು ಹಾಕಿದ ಸಾಲುಗಳನ್ನು ನೋಡಿದರು.

"ನಾಳಿ ಮುಂಜಾನಿ ಹುಮನಾಬಾದ್ ಬಸ್ ಎಷ್ಟಕ್ಕದ?"

"ನಿಮ್ಮ ಮೊಣಕಾಲು?"

"ನಾ ಬರಲ್ಲ ಬಾಯಿ. ನೀ ಹೋಗಿ ಬಾ. ನಾ ಬಂದ್ರ ಆ ಹುಡುಗಿ ನನ್ನ ಮಾರಿ ನೋಡಿ ಸುಮ್ಮನಾಗ್ತದ. ಪೂರ್ತಿ ಬೈಯಲಿ."


ಫೆಬ್ರುವರಿ ೧೬, ಭಾನುವಾರ. ಹುಮನಾಬಾದ. ಬೆಳಿಗ್ಗೆ ೧೦.೩೦

ಸರಿತಾಳ ರೂಮು. ಅವಳು ಪರದೆಯ ಹಿಂದೆ ಸ್ಟವ್ ಹಚ್ಚಿದ್ದಾಳೆ. ಬಸ್ಸಿನಿಂದ ಇಳಿದಾಗಿನಿಂದ ಕೈ ನಡುಗುತ್ತಿದೆ. ಪೆನ್ನು ಹಿಡಿದರೆ ನಿಂತೀತೆಂದು ಬರೆಯುತ್ತಿದ್ದೇನೆ.

ಎರಡು ಮಂಚ. ಒಂದರ ಮೇಲೆ ಹಾಸಿಗೆ ಇಲ್ಲ, ಬರೀ ಹಲಗೆ. ಗೋಡೆಯಲ್ಲಿ ಕ್ಯಾಲೆಂಡರ್ ತೆಗೆದ ಮೊಳೆ. ಕಿಟಕಿಯಲ್ಲಿ ಒಂದೇ ತಾಟು.

ಬಂದ ಕೂಡಲೇ ಕಾಲು ಮುಟ್ಟಿದಳು. ತೆಳ್ಳಗಾಗಿದ್ದಾಳೆ. "ಹೇಳದೇ ಬಂದಿ ಅತ್ತೀ. ನನ್ನ ಸಮಾಧಾನ ಮಾಡಾಕ ಬಂದಿ ಅಲ್ಲಾ? ನಾ ಛಲೋ ಅದೀನಿ." ಅವಳ ಮಂಚದ ಮೇಲೆ ಕೂತೆ.

ಪರದೆಯ ಹಿಂದಿನಿಂದ ಮಾತಾಡುತ್ತಲೇ ಇದ್ದಾಳೆ. ಜಗದೇವಿ ನಿನ್ನೆ ಗಂಟು ಕಟ್ಟಿಕೊಂಡು ಊರಿಗೆ ಹೋದಳಂತೆ. ಹೋಗುವಾಗ ಇವಳ ಕಂಪಾಸ್ ಪೆಟ್ಟಿಗೆ ಮೇಜಿನ ಮೇಲಿಟ್ಟು, ಬಾಗಿಲಲ್ಲಿ ನಿಂತು ಏನೋ ಹೇಳಬೇಕೆಂದಳಂತೆ. ಇವಳು ಬೆನ್ನು ತಿರುಗಿಸಿ ನಿಂತಳಂತೆ. "ಛಲೋ ಮಾಡಿದ್ನಲ್ಲಾ ಅತ್ತೀ?"

ಶುಂಠಿ ಜಜ್ಜುವ ಸದ್ದು. ನನಗೆ ಶುಂಠಿ ಇಷ್ಟವೆಂದು.

ತಂದಳು. ಎರಡು ಕಪ್ಪು. ನನ್ನದು ನನ್ನ ಮುಂದೆ ಇಟ್ಟಳು. "ಏನು ಬರಿಯಾಕತ್ತಿ? ಆರಿ ಹೋಗ್ತದ, ಕುಡಿ."

ಮುಟ್ಟಿಲ್ಲ. ಅವಳ ಕಪ್ಪು ತುಟಿಯ ಹತ್ತಿರ ಹೋದದ್ದು ಹಾಗೇ ನಿಂತಿದೆ. ನನ್ನ ಕಪ್ಪನ್ನು ನೋಡಿದಳು. ನನ್ನನ್ನು ನೋಡಿದಳು. ಸರುಬಾಯಿಯ ಸೆರಗು ಹಿಡಿದು ಬೆಳೆದವಳು, ಅವಳಿಗೆ ಗೊತ್ತು. ಅವಳೂ ಕಪ್ಪು ಕೆಳಗೆ ಇಟ್ಟಳು. ಪೆನ್ನು ಇಡುತ್ತೇನೆ, ಈಗ ಹೇಳಬೇಕು.